ಮಣೆಯೋ, ಜಗಲಿಯೋ

ಟ್ರ್ಯಾಕ್ಟರ್ ಬರುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ಅಳಿಯ ಕೂತು ಬರುತ್ತಾನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಾಗಲವಾಡಿಯ ಗಂಗಹನುಮಯ್ಯನ ಹಿತ್ತಲ ಹೊಲದಲ್ಲಿ ಸಾಲಾಗಿ ನಿಂತಿದ್ದ ಬೇವಿನ ಮರಗಳನ್ನು ಮಗ ಅಂಜಿನಪ್ಪ ಹಟ ಹಿಡಿದು ಮಾರಿಸಿದ್ದ. ಅಲ್ಲಿ ತೆಂಗಿನ ಸಸಿ ಇಡಬೇಕೆಂಬುದು ಅವನ ಆಸೆ. ಮರ ಕೊಂಡು, ಕಡಿಸಿ ಕೆಡವಿದವರು ಕುಣಿಗಲ್‌ನಲ್ಲಿ ಸಾಮಿಲ್ಲು ಇಟ್ಟಿದ್ದ ದಸ್ತಗೀರ್ ಸಾಬರು. ವ್ಯಾಪಾರ ಕುದುರಿಸಿದವನು ಗುಬ್ಬಿಯ ದಲ್ಲಾಳಿ ಕರಿಸಿದ್ದಪ್ಪ. ಕರಿಸಿದ್ದಪ್ಪನಿಗೆ ಎರಡು ಕಸುಬು, ಮರ ಮಾರಿಸುವುದು ಮತ್ತು ಮದುವೆ ಮಾಡಿಸುವುದು. ಎರಡರಲ್ಲೂ ಒಳಗಿನ ಟೊಳ್ಳು ಅವನಿಗೆ ಗೊತ್ತಾಗುತ್ತಿತ್ತು. ಆದರೆ ಕೇಳಿದವರಿಗೆ ಮಾತ್ರ ಹೇಳುತ್ತಿದ್ದ.

ಅದೇ ವರ್ಷ, ಎಂಬತ್ತಮೂರರ ವೈಶಾಖದಲ್ಲಿ, ಗಂಗಹನುಮಯ್ಯನ ಮಗಳು ಮಹಾಲಕ್ಷ್ಮಮ್ಮನ ಮದುವೆ ಮಾಡಿಸಿದವನೂ ಇವನೇ. "ಕುಣಿಗಲ್ ಹುಡುಗ, ನರಸಯ್ಯ ಅಂತ. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿರ್ತದೆ" ಅಂದಿದ್ದ. ಹೋಗಿ ನೋಡಿದರೆ ನಿಜವಾಗಿಯೂ ನಿಂತಿತ್ತು. ಕೆಂಪು ಬಣ್ಣದ ಸಣ್ಣ ಟ್ರ್ಯಾಕ್ಟರ್, ಒಳ್ಳೆ ಹಳ್ಳಿಕಾರ್ ಎತ್ತಿನಷ್ಟೇ ಎತ್ತರ. ಗಂಗಹನುಮಯ್ಯ ಅದರ ಸೀಟಿನ ಮೇಲೆ ಕೂತು, ಸ್ಟೇರಿಂಗ್ ಹಿಡಿದು, ಬಾಯಿ ತುಂಬ ನಕ್ಕಿದ್ದ. ಅದು ಯಾರದು ಎಂದು ಅವನು ಕೇಳಲಿಲ್ಲ, ನರಸಯ್ಯ ಹೇಳಲಿಲ್ಲ. ಸಾಮಿಲ್ಲಿನ ಅಂಗಳದಲ್ಲಿ ದಿಮ್ಮಿ ತುಂಬಿ ಜಾಗವಿಲ್ಲದೆ ದಸ್ತಗೀರ್ ಸಾಬರು ತಮ್ಮ ಗಾಡಿಯನ್ನು ಡ್ರೈವರ್ ಮನೆಯ ಮುಂದೆ ನಿಲ್ಲಿಸುತ್ತಿದ್ದರು, ಅಷ್ಟೇ.

ಮಹಾಲಕ್ಷ್ಮಮ್ಮ ಗೌರಿ ಹಬ್ಬಕ್ಕೆ ತವರಿಗೆ ಬಂದವಳು ವಾಪಸು ಹೋಗಲಿಲ್ಲ. ದೀಪಾವಳಿಗೆ ಕರೆಯಲು ಅಳಿಯನ ಮನೆಗೆ ಹೋಗಿ ಬಂದರು. ಅದು ಮದುವೆಯಾದ ಮೇಲಿನ ಮೊದಲ ದೀಪಾವಳಿ, ಆದರೂ ಅಳಿಯ ಬರಲಿಲ್ಲ. ಯಾಕೆ ಎಂದು ಕೇಳಿದರೆ ಮಗಳು, "ಅವರನ್ನೇ ಕೇಳಿ" ಅನ್ನುತ್ತಿದ್ದಳು. ಕೇಳೋಣವೆಂದರೆ ಅವನು ಕಣ್ಣಿಗೇ ಬೀಳುತ್ತಿರಲಿಲ್ಲ.

ಹೀಗಿರುವಾಗ ಕಾರ್ತಿಕದ ಒಂದು ಬೆಳಿಗ್ಗೆ ರಸ್ತೆಯಲ್ಲಿ ಲಾರಿ ನಿಂತಿತು. ಅದರ ಬೆನ್ನಿನಿಂದ ಹಲಗೆಗಳ ಮೇಲೆ ಕೆಂಪು ಟ್ರ್ಯಾಕ್ಟರ್ ಇಳಿಯಿತು.

"ಅವ್ವಾ, ಭಾವ ಬಂದವ್ರೆ!" ಅಂಜಿನಪ್ಪ ಬೇಲಿಯ ಹತ್ತಿರದಿಂದಲೇ ಕೂಗಿದ.

"ಯಾವ ಭಾವನ್ಲಾ?" ಹನುಮಂತಮ್ಮ ಅಕ್ಕಿ ತೊಳೆಯುತ್ತಿದ್ದ ಕೈಯಲ್ಲೇ ಹೊರಗೆ ಬಂದಳು.

"ನಂಗೆ ಎಷ್ಟು ಜನ ಭಾವಂದ್ರವ್ರೆ? ಕುಣಿಗಲ್ ಭಾವ. ಟ್ರ್ಯಾಕ್ಟರ್ ಓಡಿಸ್ಕಂಡು ಬಂದವ್ರೆ."

ಹನುಮಂತಮ್ಮನಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. "ದೀಪಾವಳಿ ತಡವಾದ್ರೂ ಬಂತು ಬುಡು. ಹಂಡೆಗೆ ನೀರು ತುಂಬ್ಸು. ಬೇಳೆ ಬೇಯಾಕೆ ಹಾಕ್ತೀನಿ" ಎಂದು ಒಳಗೆ ಓಡಿದಳು.

ಅಂಜಿನಪ್ಪ ಅಪ್ಪನನ್ನು ಪಕ್ಕಕ್ಕೆ ಕರೆದ. "ಅಪ್ಪ, ಮರ ಎಳಿಯಾಕೆ ಸಾಬರು ತಮ್ಮ ಗಾಡಿ ಕಳಿಸ್ತೀನಿ ಅಂದಿದ್ರು. ಇದು ನೋಡಿದ್ರೆ ಭಾವನ ಗಾಡಿ."

ಗಂಗಹನುಮಯ್ಯ ಒಂದು ಗಳಿಗೆ ಗಡ್ಡ ಕೆರೆದುಕೊಂಡ. ಆಮೇಲೆ ಮುಖ ಅರಳಿತು. "ಅಷ್ಟೂ ತಿಳಿಯಕಿಲ್ವೇನ್ಲಾ? ಸಾಬರು ನಮ್ಮ ಅಳಿಯಂದ್ರ ಗಾಡಿನ ಬಾಡಿಗೆಗೆ ಹಿಡ್ದವ್ರೆ. ಮಾವನ ಮನೆ ಕೆಲ್ಸ ಅಂತ ಇವರು ಡ್ರೈವರ್‌ನ ಕಳಿಸ್ದೆ ತಾವೇ ಬಂದವ್ರೆ. ದೊಡ್ಡ ಮನ್ಸು ಕಣೋ."

ಈ ಮಾತು ಎಷ್ಟು ಸಲೀಸಾಗಿ ಕೂಡಿಬಂತೆಂದರೆ, ನರಸಯ್ಯನನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಅವನು ಕಾಲು ತೊಳೆದುಕೊಂಡು, ತನ್ನ ಪಾದವನ್ನೇ ನೋಡುತ್ತಾ, "ಹೂಂ, ಬಂದೆ ಮಾವ" ಅಂದ.

ದಿಮ್ಮಿ ಎಳೆಯಲು ಬಂದವನಿಗೆ ಹರಳೆಣ್ಣೆ ಹಚ್ಚಿ ಅಭ್ಯಂಜನ ಮಾಡಿಸಿದರು. ಸಾಬರ ಅಣ್ಣನ ಮಗ ಅಜ್ಮತುಲ್ಲಾ, ಲಾರಿಯ ಡ್ರೈವರು, ಅಂಗಳದಲ್ಲಿ ಬೀಡಿ ಸೇದುತ್ತಾ ಬಚ್ಚಲ ಹೊಗೆಯನ್ನೇ ನೋಡಿಕೊಂಡು ಕೂತ. ಹೊತ್ತು ನೆತ್ತಿಗೆ ಬಂದರೂ ಒಂದು ದಿಮ್ಮಿಯೂ ಅಲುಗಿರಲಿಲ್ಲ.

ಊಟಕ್ಕೆ ನರಸಯ್ಯನಿಗೆ ನಡುಮನೆಯಲ್ಲಿ ಮಣೆ, ಬಾಳೆ ಎಲೆ, ಒಬ್ಬಟ್ಟು, ಅದರ ಮೇಲೆ ತುಪ್ಪ. ಅಜ್ಮತುಲ್ಲಾನಿಗೆ ಜಗಲಿಯ ಮೇಲೆ ಮುದ್ದೆ, ಅವರೆಕಾಯಿ ಸಾರು, ಕೊನೆಗೆ ಅರ್ಧ ಒಬ್ಬಟ್ಟು. ಕೆಲಸಕ್ಕೆ ಬಂದವರ ಊಟ ಆ ಮನೆಯಲ್ಲಿ ಮೊದಲಿನಿಂದಲೂ ಜಗಲಿಯ ಮೇಲೆಯೇ.

ಕೈ ತೊಳೆಯಲು ಹೊರಗೆ ಬಂದ ನರಸಯ್ಯನಿಗೆ ಅಜ್ಮತುಲ್ಲಾ ಮೆಲ್ಲಗೆ ಹೇಳಿದ, "ಏನ್ ನರಸಣ್ಣ, ಇಬ್ರೂ ಒಂದೇ ಮಾಲೀಕರ ಹತ್ರ ದುಡಿಯೋದು. ನಿಂಗೆ ಮಣೆ, ನಂಗೆ ಜಗಲಿ."

"ಸುಮ್ನಿರು ಮಾರಾಯ. ಆಮೇಲೆ ಹೇಳ್ತೀನಿ."

"ನಂಗೆ ಹೇಳಿ ಏನ್ ಮಾಡ್ತೀಯ? ಅವರಿಗೆ ಹೇಳು."

ಒಳಗೆ ಗಂಗಹನುಮಯ್ಯನ ತಾಯಿ ನಿಂಗಮ್ಮ ಮೊಮ್ಮಗಳನ್ನು ಹಿಡಿದುಕೊಂಡಿದ್ದಳು. ಹಣ್ಣು ಮುದುಕಿ. ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ.

"ಗಂಡ ಬಂದು ಉಂಡ. ನೀನು ಒಲೆ ಮುಂದಿಂದ ಏಳ್ಲೇ ಇಲ್ವಲ್ಲೇ? ಬಡಿಸಾಕೆ ಕೈ ನೋವಾ?"

"ಅವ್ವ ಬಡಿಸ್ತಲ್ಲ ಅಜ್ಜಿ."

"ಅವ್ವ ಬಡಿಸಿದ್ದು ಅಳಿಯಂಗೆ. ಗಂಡಂಗೆ ಯಾರು ಬಡಿಸ್ತಾರೆ?"

ಮಹಾಲಕ್ಷ್ಮಮ್ಮ ಒಲೆಯ ಕೆಂಡವನ್ನು ಎಳೆದು ನೀರು ಚಿಮುಕಿಸಿದಳು. "ಯಾರಾಗಿ ಬಂದವ್ರೆ ಅಂತ ಮೊದ್ಲು ಅವರನ್ನ ಕೇಳಿ. ಆಮೇಲೆ ಯಾರು ಬಡಿಸ್ಬೇಕು ಅಂತ ಹೇಳ್ತೀನಿ."

ಮುದುಕಿಗೆ ಇದು ಅರ್ಥವಾಗಲಿಲ್ಲ. ಹನುಮಂತಮ್ಮನಿಗೂ ಆಗಲಿಲ್ಲ. ಅಳಿಯ ಬಂದಿದ್ದಾನೆ, ಮಗಳು ಸಿಡುಕುತ್ತಿದ್ದಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನೆನೆದು ಸಮಾಧಾನ ಮಾಡಿಕೊಂಡರು. ಆದರೆ ಆ ರಾತ್ರಿ ನರಸಯ್ಯ ಲಾರಿಯ ಕ್ಯಾಬಿನ್ನಿನಲ್ಲೇ ಮಲಗಿದ. ಗಾಡಿ ಕಾಯಬೇಕು ಅಂದ.

ಕೆಲಸ ಶುರುವಾದ ಮೇಲೆ ಗಂಗಹನುಮಯ್ಯನ ಸಂಭ್ರಮ ಹೇಳತೀರದು. ಲಾರಿ ಹೋಗಲಾರದ ಕಿರುದಾರಿಯಲ್ಲಿ ಆ ಗಿಡ್ಡ ಟ್ರ್ಯಾಕ್ಟರ್ ಹೋಗುತ್ತಿತ್ತು. ನರಸಯ್ಯ ದಿಮ್ಮಿಯ ಬುಡಕ್ಕೆ ಸರಪಣಿ ಸುತ್ತಿ, ಗಾಡಿಯ ಹಿಂದೆ ಆದಷ್ಟು ಕೆಳಗೆ ಕೊಕ್ಕೆ ಹಾಕುತ್ತಿದ್ದ. ಮೇಲೆ ಹಾಕಿದರೆ ಗಾಡಿ ಮುಂಗಾಲು ಎತ್ತುತ್ತದೆ ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರನ್ನು ಗಂಗಹನುಮಯ್ಯ ತಾನೇ ನಿಲ್ಲಿಸಿ ಹೇಳುತ್ತಿದ್ದ, "ನಮ್ಮ ಅಳಿಯಂದ್ರುದು. ಎರಡು ಜೊತೆ ಎತ್ತಿನ ಕೆಲ್ಸ ಒಂದೇ ಮಾಡ್ತದೆ." ಅಷ್ಟು ಹೊತ್ತಿಗೆ ನರಸಯ್ಯ ಇಂಜಿನ್ ಸದ್ದು ಜೋರು ಮಾಡುತ್ತಿದ್ದ. ಕೇಳಿಸಬಾರದೆಂದೋ, ಕೇಳಿಸಲಿಲ್ಲ ಅನ್ನಿಸಬೇಕೆಂದೋ ಹೇಳಲಾರೆ.

ಅರ್ಧದಷ್ಟು ದಿಮ್ಮಿ ಲಾರಿಗೆ ಏರಿತ್ತು. ಅಷ್ಟರಲ್ಲಿ ಸೈಕ್ಲೋನ್ ಮಳೆ ಹಿಡಿಯಿತು. ಹೊಲವೆಲ್ಲ ಕೆಸರು. ಏರಿದಷ್ಟನ್ನೇ ಹೊತ್ತು ಲಾರಿ ಕುಣಿಗಲ್‌ಗೆ ಹೊರಟಿತು. ಟ್ರ್ಯಾಕ್ಟರನ್ನು ಗಂಗಹನುಮಯ್ಯನ ಮನೆಯ ಮುಂದೆಯೇ ನಿಲ್ಲಿಸಿ, ಮಳೆ ಬಿಟ್ಟ ಮೇಲೆ ಬರುವುದೆಂದಾಯಿತು.

ಹೊರಡುವ ಮುಂಚೆ ನರಸಯ್ಯ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಮಹಾಲಕ್ಷ್ಮಮ್ಮ ಕಲಗಚ್ಚು ಹೊತ್ತು ತಂದು ಬಾನಿಗೆ ಸುರಿಯುತ್ತಿದ್ದಳು.

"ಬರಲ್ವಾ?" ಅಂದ.

"ಹೇಳಿದ್ರಾ?"

"ಹೆಂಗೆ ಹೇಳ್ಲಿ? ನಿಮ್ಮಪ್ಪ ಊರಿಗೆಲ್ಲಾ ಸಾರ್ತಾ ಅವ್ರೆ."

"ಅವರು ಸಾರೋಕೆ ಮುಂಚೆ ಹೇಳ್ಬೋದಿತ್ತು. ಮದುವೆಗೆ ಮುಂಚೆ ಹೇಳ್ಬೋದಿತ್ತು. ಹೋಗ್ಲಿ, ನಂಗಾದ್ರೂ ಹೇಳಿದ್ರಾ? ಸಾಬರ ಹೆಂಡ್ತಿ ಖುರ್ಷಿದಾ ಬೇಗಂ ಬಂದು, 'ಅಮ್ಮಾ, ನಮ್ಮ ಗಾಡಿ ಮೇಲೆ ಬಟ್ಟೆ ಒಣಗ್ಹಾಕ್ಬೇಡ, ತುಕ್ಕು ಹಿಡೀತದೆ' ಅಂದಾಗ ನಾನು ನಕ್ಕೆ. ಆಯಮ್ಮಂಗೆ ತಲೆ ಕೆಟ್ಟೈತೆ ಅಂದ್ಕಂಡೆ. ಇಡೀ ಬೀದಿಗೆ ಗೊತ್ತು, ನಂಗೊಬ್ಳಿಗೇ ಗೊತ್ತಿಲ್ಲ."

"ನೀನು ಟ್ರ್ಯಾಕ್ಟರ್ ಐತೆ ಅಂತ ಒಪ್ಕಂಡೆ ಅಂತ ಭಯ ಆಯ್ತು."

"ನಾನು ಟ್ರ್ಯಾಕ್ಟರ್ ಮುಖನೂ ನೋಡಿರ್ಲಿಲ್ಲ. ನಿಮ್ಮ ಮುಖ ನೋಡಿದ್ದೆ." ಅವಳು ಉಳಿದ ಕಲಗಚ್ಚನ್ನು ಬಾನಿಗೆ ಬಗ್ಗಿಸಿದಳು. "ನಮ್ಮಪ್ಪಂಗೆ ನಾನು ಹೇಳಾಕಿಲ್ಲ. ನಾನು ಹೇಳಿದ್ರೆ ಗಂಡನ ಮಾನ ತೆಗೆದಂಗಾಯ್ತದೆ. ನೀವೇ ಹೇಳ್ಬೇಕು. ಹೇಳಿದ ದಿನ ಬರ್ತೀನಿ. ಹೇಳ್ದೆ ಇದ್ರೆ ಇಲ್ಲೇ ಇರ್ತೀನಿ, ಯಾರು ಏನಾದ್ರೂ ಅಂದ್ಕಳ್ಳಿ."

ಲಾರಿ ಹಾರ್ನ್ ಹೊಡೆಯಿತು. ನರಸಯ್ಯ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಮಳೆಯಲ್ಲಿ ಓಡಿದ.

ಆ ಮಳೆಯ ವಾರ ಗಂಗಹನುಮಯ್ಯ ಬೆಳಗಾದರೆ ಟ್ರ್ಯಾಕ್ಟರ್ ಒರೆಸುತ್ತಿದ್ದ. ಮೇಲೆ ಗೋಣಿತಾಟು ಹೊದಿಸುತ್ತಿದ್ದ. ಮೂಲೆಮನೆಯ ಪರಮಶಿವಯ್ಯ ಛತ್ರಿ ಹಿಡಿದು ಬಂದು, "ಯಾವಾಗ ತಗಂಡೆ ಗಂಗಣ್ಣ?" ಎಂದು ಕೇಳಿದರೆ, ಇಲ್ಲ ಅನ್ನಲಿಕ್ಕೆ ಅವನ ನಾಲಿಗೆ ಯಾಕೋ ತಡಮಾಡಿತು. "ಮನೇದೇ ಅಂದ್ಕೊ" ಅಂದುಬಿಟ್ಟ.

ನಿಂಗಮ್ಮ ಜಗಲಿಯ ಮೂಲೆಯಿಂದ ಕೇಳಿಸಿಕೊಂಡಳು. "ಈ ಗಾಡಿ ಎಲ್ಲಿ ನಿಂತ್ರೆ ಆ ಮನೇದು ಅನ್ನಂಗಾಯ್ತಲ್ಲ" ಅಂದಳು. ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಮಳೆ ಬಿಟ್ಟು ನೆಲ ಒಣಗಿದ ಮೇಲೆ ನರಸಯ್ಯ, ಅಜ್ಮತುಲ್ಲಾ ಮತ್ತೆ ಬಂದರು. ಉಳಿದ ದಿಮ್ಮಿಗಳೆಲ್ಲ ಲಾರಿಗೆ ಏರಿದವು. ಇನ್ನೇನು ಟ್ರ್ಯಾಕ್ಟರನ್ನೂ ಹತ್ತಿಸಬೇಕು, ಅಷ್ಟರಲ್ಲಿ ಅಂಜಿನಪ್ಪ ಅಡ್ಡ ಬಂದ.

"ಭಾವ, ಹಿತ್ತಲ ಬೇಲಿ ಕಂಬನೂ ಒಂದಿಷ್ಟು ಕಿತ್ಕೊಟ್ಬುಡಿ. ಸಾಲು ನೇರ ಮಾಡ್ಬೇಕು. ನಿಮ್ಮದೇ ಗಾಡಿ ತಾನೆ."

ಗಂಗಹನುಮಯ್ಯ ದನಿಗೂಡಿಸಿದ. "ಅಷ್ಟೇ ಅಲ್ಲ. ಒಂದು ವಾರ ಇಲ್ಲೇ ಬುಟ್ಟೋಗಿ ಅಳಿಯಂದ್ರೆ. ಹೊಲ ಒಂದ್ಸಲ ಹಸನು ಮಾಡ್ಕತೀವಿ."

ನರಸಯ್ಯ ಅಜ್ಮತುಲ್ಲಾನ ಮುಖ ನೋಡಿದ. ಅಜ್ಮತುಲ್ಲಾ ಆಕಾಶ ನೋಡಿದ. "ಕಂಬ ಕೀಳೋಣ. ಮಿಕ್ಕಿದ್ದು ಆಮೇಲೆ" ಎಂದು ನರಸಯ್ಯ ಗಾಡಿ ಹತ್ತಿದ. ಅಜ್ಮತುಲ್ಲಾ ಪಕ್ಕಕ್ಕೆ ಬಂದು, "ಡೀಸೆಲ್ ನಮ್ಮ ದಸ್ತಗೀರ್ ಚಾಚಾದು, ನರಸಣ್ಣ. ಕೇಳಿದ್ರೆ ನಾನು ಸುಳ್ಳು ಹೇಳಲ್ಲ" ಅಂದ. ನರಸಯ್ಯನ ಮುಖ ಕಪ್ಪಿಟ್ಟಿತು. ಆದರೂ ಗಾಡಿ ಹೊರಟಿತು.

ಕಲ್ಲುಕಂಬ ಕೀಳುವುದಕ್ಕೆ ಅವನಲ್ಲೊಂದು ಉಪಾಯವಿತ್ತು. ಕಂಬದ ಪಕ್ಕ ಲಾರಿಯ ಹಳೆಯ ಚಕ್ರ ನಿಲ್ಲಿಸುವುದು, ಕಂಬದ ಬುಡಕ್ಕೆ ಕಟ್ಟಿದ ಸರಪಣಿಯನ್ನು ಅದರ ನೆತ್ತಿಯ ಮೇಲೆ ಹಾಯಿಸಿ ಎಳೆಯುವುದು. ಆಗ ಕಂಬ ಬಾಗದೆ, ಮುರಿಯದೆ, ನೆಟ್ಟಗೆ ಮೇಲೇಳುತ್ತಿತ್ತು. ನೋಡಲು ಬಂದ ಊರವರು ಭೇಷ್ ಎಂದರು.

ಸಾಲಿನ ನಡುವೆ ಒಂದು ಮರದ ಕಂಬ ಇತ್ತು. ಅದಕ್ಕೆ ಹಸಿರು ಚಿಗುರು, ಅಗಲ ಎಲೆ. ನರಸಯ್ಯ ಅದರ ಬುಡಕ್ಕೂ ಸರಪಣಿ ಸುತ್ತಿದ. ಹಿತ್ತಲ ಬಾಗಿಲಿಂದ ಹನುಮಂತಮ್ಮ ಸೌಟು ಹಿಡಿದೇ ಓಡಿಬಂದಳು.

"ಅಯ್ಯೋ, ಅದನ್ನ ಮುಟ್ಬ್ಯಾಡಿ! ಅದು ಹಾಲುಗಂಬ!"

ಎಲ್ಲರೂ ನಿಂತರು. ಮದುವೆಯ ಚಪ್ಪರಕ್ಕೆ ಮೊಟ್ಟಮೊದಲು ನೆಟ್ಟು, ಹಾಲು ತುಪ್ಪ ಬಿಟ್ಟು, ಅರಿಸಿನದ ದಾರ ಕಟ್ಟಿ ಪೂಜೆ ಮಾಡಿದ ಅತ್ತಿಯ ಕಂಬ ಅದು. ಮದುವೆ ಮುಗಿದ ಮೇಲೆ ನೀರಿಗೆ ಬಿಡಬೇಕಾಗಿತ್ತು.

"ಹಾಲುಗಂಬ ಬೇಲಿಗೆ ಯಾಕೆ ಬಂತವ್ವಾ?" ಅಂಜಿನಪ್ಪ ಕೇಳಿದ.

"ನಿಮ್ಮಪ್ಪನ್ನ ಕೇಳು."

ಗಂಗಹನುಮಯ್ಯ ಕೆಮ್ಮಿದ. "ಬೇಲೀಲಿ ಒಂದು ಕಂಬ ಕಮ್ಮಿ ಇತ್ತು. ಒಳ್ಳೆ ಕಂಬ, ಸುಮ್ನೆ ಕೆರೆಗೆ ಹಾಕದ್ಯಾಕೆ ಅಂತ..."

"ಮಳೆಗಾಲದಲ್ಲಿ ಚಿಗುರ್ತು" ಹನುಮಂತಮ್ಮ ಹೇಳಿದಳು. "ಮಗಳು ಬಂದು ಮನೇಲಿ ಕೂತ್ಲು. ಇದು ಹಸುರಾಗಿರೋ ತಂಕ ಅವಳ ಬಾಳು ಹಸುರು ಅಂತ ದಿನಾ ನೀರು ಹಾಕ್ತಾ ಇವ್ನಿ. ಇವತ್ತು ಅದರ ಕುತ್ತಿಗೆಗೆ ಸರಪಣಿ ಹಾಕ್ಸವ್ರೆ, ಅದೂ ಅಳಿಯಂದ್ರ ಕೈಲೇ." ಅವಳು ಅಲ್ಲೇ ಕೂತು ಅತ್ತಳು.

"ಸಾಲು ಸೊಟ್ಟ ಆಯ್ತದವ್ವ" ಅಂಜಿನಪ್ಪ ಗೊಣಗಿದ.

"ನಿನ್ನ ಸಾಲಿಗೆ ಬೆಂಕಿ ಬೀಳಾ."

"ನೀರಿಗೆ ಬಿಡ್ಬೇಕಾದ್ದನ್ನ ನೆಟ್ಟಿದ್ದು ತಪ್ಪೋ, ನೆಟ್ಟಿದ್ದನ್ನ ಕೀಳೋದು ತಪ್ಪೋ?" ಗಂಗಹನುಮಯ್ಯನಿಗೆ ನಿಜಕ್ಕೂ ಗೊಂದಲವಾಗಿತ್ತು. ಅಲ್ಲಿದ್ದವರಲ್ಲಿ ಕೆಲವರು ಕೀಳಬೇಕೆಂದರು, ಕೆಲವರು ಬೇಡವೆಂದರು. ಯಾರಿಗೂ ಶಾಸ್ತ್ರ ಗೊತ್ತಿರಲಿಲ್ಲ, ಎಲ್ಲರ ದನಿಯೂ ಜೋರಾಗಿತ್ತು.

ಕೊನೆಗೆ ಅಂಜಿನಪ್ಪ ಕೈ ಮುಗಿದ. "ಭಾವ, ಮದುವೆ ನಿಮ್ದು, ಕಂಬ ನಿಮ್ದು, ಗಾಡೀನೂ ನಿಮ್ದು. ಏನ್ ಮಾಡ್ಬೇಕು ನೀವೇ ಹೇಳಿ."

ನರಸಯ್ಯ ಹಿತ್ತಲ ಬಾಗಿಲ ಕಡೆ ನೋಡಿದ. ಅಲ್ಲಿ ಮಹಾಲಕ್ಷ್ಮಮ್ಮ ಬಾಗಿಲ ಪಟ್ಟಿ ಹಿಡಿದು ನಿಂತಿದ್ದಳು. ಅವನು ಇಂಜಿನ್ ಆಫ್ ಮಾಡಿ ಕೆಳಗಿಳಿದ.

"ಗಾಡಿ ನಂದಲ್ಲ" ಅಂದ.

ಯಾರಿಗೂ ತಕ್ಷಣ ತಲೆಗೆ ಹೋಗಲಿಲ್ಲ.

"ನಿಮ್ದಲ್ಲ ಅಂದ್ರೆ? ಇನ್ನೂ ಬ್ಯಾಂಕ್‌ನೋರ ಹೆಸರಲ್ಲೈತಾ?" ಗಂಗಹನುಮಯ್ಯ ಕೇಳಿದ.

"ಬ್ಯಾಂಕ್‌ದೂ ಅಲ್ಲ ಮಾವ. ದಸ್ತಗೀರ್ ಸಾಬರ್ದು. ಮೊದ್ಲಿಂದ್ಲೂ ಅವರ್ದೇ. ನಾನು ಡ್ರೈವರ್. ನೀವು ನೋಡಾಕೆ ಬಂದ ದಿನಾನೂ ಡ್ರೈವರ್. ಅವತ್ತು ನೀವು ಸೀಟಿನ ಮೇಲೆ ಕೂತು ನಗ್ತಾ ಇದ್ರಿ, ನಂಗೆ ಬಾಯಿ ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ."

ಗಂಗಹನುಮಯ್ಯ ಟ್ರ್ಯಾಕ್ಟರ್ ನೋಡಿದ, ಅಳಿಯನನ್ನು ನೋಡಿದ, ನೆರೆದ ಊರವರನ್ನು ನೋಡಿದ. ಅವರ ನಡುವೆ ಪರಮಶಿವಯ್ಯನೂ ಇದ್ದ. ಅವನು ಕಣ್ಣು ತಪ್ಪಿಸಿದ. ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

"ಮತ್ತೆ ಮಣೆ ಮೇಲೆ ಕೂರ್ಸಿ, ಎಣ್ಣೆ ಹಚ್ಚಿ, ಒಬ್ಬಟ್ಟು ಹಾಕಿದ್ದು ಯಾರಿಗೆ?" ಗಂಗಹನುಮಯ್ಯ ಅಳಿಯನನ್ನು ಕೇಳಿದ. "ಹೊಟ್ಟೆಗೆ ಹೆಂಗೆ ಇಳೀತು ಅದು?"

ಗೋಡೆ ಹಿಡಿದು ಬಂದಿದ್ದ ನಿಂಗಮ್ಮ ಕೋಲು ನೆಲಕ್ಕೆ ಕುಟ್ಟಿದಳು. "ಒಬ್ಬಟ್ಟು ತಿಂದಿದ್ದು ಅಳಿಯ ಕಣ್ಲಾ, ಟ್ರ್ಯಾಕ್ಟರ್ ಅಲ್ಲ."

ಗಂಗಹನುಮಯ್ಯ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಊರವರು ಕೆಲಸ ನೆನಪಾದವರಂತೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಊಟದ ಹೊತ್ತು. ಹನುಮಂತಮ್ಮ ನಡುಮನೆಯಲ್ಲಿ ಮಣೆ ಹಾಕಿದಳು, ಎತ್ತಿದಳು, ಮತ್ತೆ ಹಾಕಿದಳು. ಎತ್ತಿದರೆ ಅಳಿಯನಿಗೆ ಅವಮಾನ, ಹಾಕಿದರೆ ಗಂಡನಿಗೆ. ಮಣೆಯನ್ನು ಎದೆಗೆ ಅವುಚಿಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ನರಸಯ್ಯ ಅವಳ ಕಷ್ಟ ನೋಡಲಾರದೆ ಜಗಲಿ ಹತ್ತಿ ಅಜ್ಮತುಲ್ಲಾನ ಪಕ್ಕ ಕೂತ.

"ಡ್ರೈವರ್ ಊಟ ಇಲ್ಲೇ ಅಲ್ವಾ ಅತ್ತೆ" ಅಂದ.

ಅಡುಗೆಮನೆಯಿಂದ ಮಹಾಲಕ್ಷ್ಮಮ್ಮ ಬಂದಳು. ಗೌರಿ ಹಬ್ಬದಿಂದ ಈಚೆಗೆ ಅವಳು ಗಂಡನಿಗೆ ಬಡಿಸಿದ್ದು ಅದೇ ಮೊದಲು. ಇಬ್ಬರಿಗೂ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಮತ್ತೆ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಳು. ಬೀದಿಯಲ್ಲಿ ಹೋಗುವವರು ನೋಡುತ್ತಿರುವಂತೆಯೇ ಗಂಡನ ಪಕ್ಕ ಜಗಲಿಯ ಮೇಲೆ ಕೂತು ಮುದ್ದೆ ಮುರಿದಳು. ಆ ಮನೆಯ ಹೆಣ್ಣುಮಗಳು ಜಗಲಿಯಲ್ಲಿ ಕೂತು ಉಂಡದ್ದನ್ನು ಯಾರೂ ಕಂಡಿರಲಿಲ್ಲ.

"ಮಾಲಕ್ಷ್ಮೀ, ಒಳಗೆ ಬಾರೇ" ಹನುಮಂತಮ್ಮ ಪಿಸುಗುಟ್ಟಿದಳು.

"ಉಂಡು ಬರ್ತೀನವ್ವ. ಪೆಟ್ಟಿಗೆ ಕಟ್ಬೇಕು."

ಸಂಜೆಗೆ ಟ್ರ್ಯಾಕ್ಟರ್ ಲಾರಿಗೆ ಏರಿತು. ಮಹಾಲಕ್ಷ್ಮಮ್ಮ ಮುಚ್ಚಿದ ಕೋಣೆಯ ಬಾಗಿಲಿಗೇ ನಮಸ್ಕಾರ ಮಾಡಿ, "ಅಪ್ಪಾ, ಹೋಗ್ಬರ್ತೀನಿ" ಅಂದಳು. ಅವಳು ಕಣ್ಣೊರೆಸಿಕೊಂಡು ಹೊರಟಳು. ಅಂಜಿನಪ್ಪ ಅಕ್ಕನ ಪೆಟ್ಟಿಗೆ ಹೊತ್ತು ರಸ್ತೆಯವರೆಗೆ ಹೋದ.

ಮನೆಯಲ್ಲಿ ಸದ್ದು ಅಡಗಿದ ಮೇಲೆ ಗಂಗಹನುಮಯ್ಯ ಬಾಗಿಲು ತೆಗೆದ. ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ನಡೆದ. ಕಿತ್ತ ಕಂಬಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಹಾಲುಗಂಬ ಒಂದೇ ನೆಟ್ಟಗೆ ನಿಂತಿತ್ತು. ಬುಡದಲ್ಲಿ ಸರಪಣಿ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಆ ಗದ್ದಲದಲ್ಲಿ ಅದನ್ನು ಬಿಚ್ಚುವುದನ್ನು ಎಲ್ಲರೂ ಮರೆತಿದ್ದರು.

ಅವನು ನಿಂತು ನೋಡಿದ. ಭಾರದ, ಒಳ್ಳೆಯ ಸರಪಣಿ. ಸಾಬರದ್ದು.

ಮರುಗಳಿಗೆ ಮೊಣಕಾಲೂರಿ ಕೂತು ಕೊಕ್ಕೆ ಬಿಚ್ಚತೊಡಗಿದ. ಚಿಗುರು ತಾಗಿ ಮುರಿಯದಂತೆ ಸುತ್ತು ಬಿಡಿಸಿ, ಸರಪಣಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಕಡೆ ಓಡಿದ. ಪಂಚೆ ಕಾಲಿಗೆ ತೊಡರಿತು. ಲಾರಿ ಆಗಲೇ ಗೇರು ಹಾಕಿ ಹೊರಟಿತ್ತು.

"ನಿಲ್ಸೋ! ಅಜ್ಮತ್ತೂ, ನಿಲ್ಸೋ!"

ಲಾರಿ ನಿಂತಿತು. ನರಸಯ್ಯ ಗಾಬರಿಯಾಗಿ ಕ್ಯಾಬಿನ್ನಿನಿಂದ ಧುಮುಕಿದ. ಮಾವ ಮಗಳನ್ನು ಇಳಿಸಿಕೊಳ್ಳಲು ಬಂದನೆಂದೇ ಅವನು ತಿಳಿದ. ಮಹಾಲಕ್ಷ್ಮಮ್ಮನೂ ಹಾಗೇ ತಿಳಿದು ಕಿಟಕಿಯ ಸರಳು ಬಿಗಿಯಾಗಿ ಹಿಡಿದಳು.

ಗಂಗಹನುಮಯ್ಯ ಏದುಸಿರು ಬಿಡುತ್ತಾ ಸರಪಣಿಯನ್ನು ಅಳಿಯನ ಕೈಗೆ ಹಾಕಿದ.

"ಕೆಲ್ಸದ ಸಾಮಾನು ಹಿಂಗಾ ಬುಟ್ಟೋಗೋದು ಅಳಿಯಂದ್ರೆ?" ಅಂದ. "ನಾಳೆ ನಿಮ್ಮ ಮಾಲೀಕರು ಕೇಳಿದ್ರೆ ಏನಂತ ಹೇಳ್ತಿದ್ರಿ?"